ಶುಗರ್ ಇದ್ದವರ ಹಣ್ಣಿನ ಲೆಕ್ಕ

ಹಾವೇರಿ ಸೀಮೆಯ ಮನೆಗಳಲ್ಲಿ ಯಾರಿಗಾದರೂ ಶುಗರ್ ಇದೆ ಎಂದು ಗೊತ್ತಾದ ದಿನ ಮೊದಲು ಬಂದ್ ಆಗುವುದು ಬಾಳೆಹಣ್ಣು. ಅದರ ಹಿಂದೆಯೇ ಮಾವು, ಚಿಕ್ಕು, ಸೀತಾಫಲ. ಮಕ್ಕಳಿಗೆಂದು ತಂದ ಹಣ್ಣನ್ನೂ ಅಜ್ಜನ ಕಣ್ಣಿಗೆ ಬೀಳದಂತೆ ಒಳಗೆ ಇಡುತ್ತಾರೆ. ಮುಂಜಾನೆಯ ಮಂಡಕ್ಕಿ ಒಗ್ಗರಣೆ ಮಾತ್ರ ತಪ್ಪುವುದಿಲ್ಲ, ಜೊತೆಗೆ ಎರಡು ಮಿರ್ಚಿ. ಮಧ್ಯಾಹ್ನ ಮೂರು ರೊಟ್ಟಿ ಮುಗಿದ ಮೇಲೆ ತಾಟು ತುಂಬ ಅನ್ನ ಸಾರು. ದಿನಕ್ಕೆ ನಾಲ್ಕೈದು ಚಹಾ, ಪ್ರತಿ ಸಲವೂ "ಸಕ್ಕರಿ ಸ್ವಲ್ಪ ಕಡಿಮಿ ಹಾಕವಾ" ಎಂಬ ಮಾತು. ತಿಂಗಳ ನಂತರ ರಕ್ತ ತೋರಿಸಿದರೆ ಅಂಕಿ ಇದ್ದಲ್ಲೇ ಇರುತ್ತದೆ. "ಒಂದ ಹಣ್ಣು ಮುಟ್ಟಿಲ್ರೀ ಡಾಕ್ಟ್ರ, ಆದ್ರೂ ಹೆಂಗ ಏರಾಕತ್ತೈತಿ?" ಎಂದು ಕೇಳುವವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಯಾವ ದವಾಖಾನೆಯಲ್ಲೂ ಸಿಗುತ್ತಾರೆ.

ಹಣ್ಣು ಬಿಟ್ಟಿದ್ದಕ್ಕೆ ಇಳಿಯಲಿಲ್ಲ, ಯಾಕೆಂದರೆ ಏರಿಸುತ್ತಿದ್ದುದು ಹಣ್ಣಾಗಿರಲಿಲ್ಲ. ರಕ್ತದ ಸಕ್ಕರೆಗೆ ನಾಲಿಗೆಯ ರುಚಿ ಗೊತ್ತಿಲ್ಲ. ಊಟದಲ್ಲಿ ಒಟ್ಟು ಎಷ್ಟು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ, ಒಳಗೆ ಹೋಯಿತು ಮತ್ತು ಎಷ್ಟು ಬೇಗ ಕರಗಿತು ಎಂಬುದಷ್ಟೇ ಅದಕ್ಕೆ ಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿದೆ. 150 ಗ್ರಾಂ ತೂಗುವ ಒಂದು ಬಟ್ಟಲು ಅನ್ನದಲ್ಲಿ 40 ಗ್ರಾಂ ದಾಟುತ್ತದೆ. ಕೈಗೆ ಹಗುರಾಗಿ ಕಾಣುವ ಮಂಡಕ್ಕಿ ಬರೀ 40 ಗ್ರಾಂ ತೂಗಿದರೂ ಅದರಲ್ಲಿ 35 ಗ್ರಾಂ ಪಿಷ್ಟವೇ, ಅದೂ ಅರಳಿಸಿದ್ದರಿಂದ ಬಾಯಲ್ಲಿಟ್ಟ ಕೂಡಲೇ ಕರಗುವಂಥದ್ದು. ಇದರ ಪಕ್ಕದಲ್ಲಿ ಒಂದು ಮಧ್ಯಮ ಪೇರಲ ಹಣ್ಣನ್ನು ಇಟ್ಟು ನೋಡಿ. 100 ಗ್ರಾಂ ಹಣ್ಣಿನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 14 ಗ್ರಾಂ, ಅದರಲ್ಲೂ 5 ಗ್ರಾಂ ರಕ್ತಕ್ಕೆ ಸೇರದ ನಾರು. ಒಂದು ಸಣ್ಣ ಏಲಕ್ಕಿ ಬಾಳೆಯಲ್ಲಿ 10 ಗ್ರಾಂ ಆಸುಪಾಸು. ಬಿಡಬೇಕಾದದ್ದು ಯಾವುದು, ಬಿಟ್ಟದ್ದು ಯಾವುದು?

ಇದು ನಮ್ಮ ಸೀಮೆಯೊಂದರ ಕಥೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದೇ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಬಂತು. ನಾವು ದಿನಕ್ಕೆ ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ, ಅದರ ಬಹುಪಾಲು ಪಾಲಿಶ್ ಅಕ್ಕಿ, ಗಿರಣಿಯ ನುಣ್ಣನೆ ಹಿಟ್ಟು ಮತ್ತು ಸಕ್ಕರೆಯದು. ಹಣ್ಣಿನ ಹೆಸರು ಆ ತಪ್ಪಿತಸ್ಥರ ಪಟ್ಟಿಯಲ್ಲಿ ಇಲ್ಲ.

ಇಡೀ ಹಣ್ಣಿನ ಪರವಾಗಿಯೇ ಸಾಕ್ಷ್ಯವಿದೆ. ಚೀನಾದಲ್ಲಿ ಸುಮಾರು 5 ಲಕ್ಷ ವಯಸ್ಕರನ್ನು ಏಳು ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ತಾಜಾ ಹಣ್ಣು ತಿನ್ನುವವರಿಗೆ ಮಧುಮೇಹ ಬರುವ ಸಾಧ್ಯತೆ ಶೇ 12ರಷ್ಟು ಕಡಿಮೆ ಕಂಡಿತು. ಈಗಾಗಲೇ ಮಧುಮೇಹ ಇದ್ದವರ ಪೈಕಿ, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಹಣ್ಣು ತಿನ್ನುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 17ರಷ್ಟು ಕಡಿಮೆ ಇತ್ತು. ಹಣ್ಣು ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯದ ಕಾಳಜಿ ಮಾಡುತ್ತಿರಬಹುದು, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಹಣ್ಣಿಗೇ ಕೊಡುವಂತಿಲ್ಲ. ಆದರೆ ಹಣ್ಣು ತಿಂದವರು ಕೆಟ್ಟರು ಎಂಬ ಮಾತಿಗೆ ಅಲ್ಲಿ ಆಧಾರವೇ ಸಿಗಲಿಲ್ಲ.

ಹಾಗೆಂದು ಬುಟ್ಟಿ ಮುಂದಿಟ್ಟುಕೊಂಡು ಕೂರಬಹುದೇ? ಅದೂ ಇಲ್ಲ. "ದೇವರು ಕೊಟ್ಟ ಸಿಹಿ, ಏನೂ ಆಗೂದಿಲ್ಲ" ಎಂದು ಊಟವಾದ ಮೇಲೆ ಎರಡು ಪಚ್ಚಬಾಳೆ ತಿನ್ನುವವರೂ ನಮ್ಮಲ್ಲಿದ್ದಾರೆ. ಅನ್ನದ ಮೇಲೆ ಅದು ಇನ್ನೂ 50 ಗ್ರಾಂ ಸೇರಿಸುತ್ತದೆ. ನಾನು ಹೇಳಹೊರಟಿರುವುದು ಒಂದೇ ಮಾತು: ಹಣ್ಣು ತಿನ್ನಿ, ಅದನ್ನು ಊಟದ ಲೆಕ್ಕದೊಳಗೆ ತಂದು ತಿನ್ನಿ. ಹಣ್ಣು ಒಳಗೆ ಬಂದರೆ ರೊಟ್ಟಿಯದೋ ಅನ್ನದ್ದೋ ಒಂದು ಪಾಲು ಹೊರಗೆ ಹೋಗಬೇಕು.

ಮಾವಿನ ಹಣ್ಣಿನ ಮೇಲೆ ದೆಹಲಿಯ ಮಧುಮೇಹ ತಜ್ಞರು ನಡೆಸಿ 2025ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗ ಇದನ್ನೇ ತೋರಿಸಿತು. ಮಧುಮೇಹ ಇದ್ದವರಿಗೆ ಎಂಟು ವಾರ ಬೆಳಗಿನ ಬಿಳಿ ಬ್ರೆಡ್ಡಿನ ಬದಲು 250 ಗ್ರಾಂ ಮಾವು ಕೊಟ್ಟರು. ಸಕ್ಕರೆ ಕೆಡಲಿಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಂಕಿ ತುಸು ಇಳಿಯಿತು. ಇದನ್ನು ಓದಿ ಮಾವಿನ ಪೆಟ್ಟಿಗೆ ತರಿಸುವ ಮುನ್ನ "ಬದಲು" ಎಂಬ ಪದದ ಕೆಳಗೆ ಎರಡು ಗೆರೆ ಎಳೆಯಿರಿ. ಬ್ರೆಡ್ಡನ್ನೂ ತಿಂದು ಮೇಲೆ ಮಾವನ್ನೂ ತಿಂದವರ ಪ್ರಯೋಗವಲ್ಲ ಅದು. ಅವರೆಲ್ಲ ವೈದ್ಯರ ನಿಗಾದಲ್ಲಿ ಅಳತೆಯಂತೆ ತಿಂದವರು.

ಒಂದು ಪಾಲು ಎಂದರೆ ಎಷ್ಟು

ಪಥ್ಯ ಹೇಳಿಕೊಡುವವರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಹಣ್ಣನ್ನು ಒಂದು ಪಾಲು ಎಂದು ಹಿಡಿಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಎಲ್ಲರಿಗೂ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಎಂದಿದೆ. ಸಕ್ಕರೆ ಹತೋಟಿಯಲ್ಲಿ ಇರುವವರಿಗೆ ದಿನಕ್ಕೆ ಒಂದು ಪಾಲು ಧಾರಾಳವಾಗಿ ನಡೆಯುತ್ತದೆ. ಓಡಾಟ ಚೆನ್ನಾಗಿದ್ದು ಅಂಕಿಗಳೂ ಒಪ್ಪಿದರೆ ಎರಡು ಪಾಲು, ಆದರೆ ಒಂದೇ ಹೊತ್ತಿಗೆ ಎರಡೂ ಬೇಡ.

ಅಡುಗೆಮನೆಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಂದು ವಾರ ಹಣ್ಣು ತೂಗಿ ನೋಡಿ. ಆಮೇಲೆ ಕಣ್ಣೇ ತಕ್ಕಡಿಯಾಗುತ್ತದೆ. ಬಾಳೆಹಣ್ಣಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸಿಪ್ಪೆ ಸುಲಿದ ಏಲಕ್ಕಿ ಬಾಳೆ 40ರಿಂದ 50 ಗ್ರಾಂ ತೂಗುತ್ತದೆ. ಗಾಡಿಯಲ್ಲಿ ಡಜನ್ ಲೆಕ್ಕದಲ್ಲಿ ಬರುವ ಉದ್ದನೆಯ ಜಿ-9 ಪಚ್ಚಬಾಳೆ ಸುಲಿದ ಮೇಲೂ 110ರಿಂದ 130 ಗ್ರಾಂ. ಎರಡನ್ನೂ ನಾವು "ಒಂದು ಬಾಳೆಹಣ್ಣು" ಎಂದೇ ಎಣಿಸುತ್ತೇವೆ. ಮೊದಲನೆಯದರಲ್ಲಿ 10 ಗ್ರಾಂ ಚಿಲ್ಲರೆ, ಎರಡನೆಯದರಲ್ಲಿ 25ರಿಂದ 30 ಗ್ರಾಂ. ಏಲಕ್ಕಿ ಬಾಳೆ ಒಂದು ತಿಂದವರೂ ಪಚ್ಚಬಾಳೆ ಒಂದು ತಿಂದವರೂ ಡಾಕ್ಟರ ಮುಂದೆ ಒಂದೇ ಉತ್ತರ ಹೇಳುತ್ತಾರೆ, ಮಷಿನ್ ಮಾತ್ರ ಬೇರೆ ಬೇರೆ ಹೇಳುತ್ತದೆ. ಹಣ್ಣಿನ ಹದವೂ ಲೆಕ್ಕಕ್ಕೆ ಬರುತ್ತದೆ. ತುದಿಯಲ್ಲಿ ಇನ್ನೂ ಹಸಿರು ಉಳಿದ ಬಾಳೆಯಲ್ಲಿ ಬೇಗ ಜೀರ್ಣವಾಗದ ಪಿಷ್ಟ ಸ್ವಲ್ಪ ಉಳಿದಿರುತ್ತದೆ. ಕಪ್ಪು ಚುಕ್ಕೆ ಬಿದ್ದು ಮೆತ್ತಗಾದದ್ದರಲ್ಲಿ ಅದೆಲ್ಲ ಸಕ್ಕರೆಯಾಗಿ ಮುಗಿದಿರುತ್ತದೆ.

ಉಳಿದವುಗಳ ಒಂದು ಪಾಲು ಹೀಗಿದೆ. ಪೇರಲ ಮಧ್ಯಮ ಗಾತ್ರದ್ದು ಒಂದು. ಪಚ್ಚಬಾಳೆ ಅರ್ಧ. ಮೋಸಂಬಿ ಅಥವಾ ಕಿತ್ತಳೆ ಒಂದು. ಸೇಬು ಸಣ್ಣದೊಂದು. ಪಪ್ಪಾಯಿ ಹೋಳು ಮಾಡಿ ಒಂದು ಬಟ್ಟಲು, ಅಂದರೆ 130-140 ಗ್ರಾಂ. ಕಲ್ಲಂಗಡಿ ಸಿಪ್ಪೆ ತೆಗೆದು 200 ಗ್ರಾಂ. ದ್ರಾಕ್ಷಿ 15-16 ಕಾಳು. ದಾಳಿಂಬೆ ಬಿಡಿಸಿದ ಕಾಳು 80 ಗ್ರಾಂ. ಚಿಕ್ಕು ಒಂದೇ, ಅದೂ ಸಣ್ಣದು. ಹಲಸಿನ ತೊಳೆ ಎರಡು. ಸೀತಾಫಲ ಮಧ್ಯಮದ್ದು ಅರ್ಧ.

ಕಲ್ಲಂಗಡಿಗೆ ಬಂದ ಕೆಟ್ಟ ಹೆಸರು

ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳಲ್ಲಿ ಕಲ್ಲಂಗಡಿಯನ್ನು ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಕಾರಣ ಗ್ಲೈಸೆಮಿಕ್ ಇಂಡೆಕ್ಸ್. ಯಾವ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆ ಏರಿಸುತ್ತದೆ ಎಂಬ ಈ ಅಳತೆಯನ್ನು 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟರೆ ಕಲ್ಲಂಗಡಿಗೆ 70 ದಾಟುತ್ತದೆ, ಮಾವು ಬಾಳೆಗಳಿಗೆ 50ರ ಸುಮಾರು. ಹಾಗಾದರೆ ಮಾವಿಗಿಂತ ಕಲ್ಲಂಗಡಿ ಕೆಟ್ಟದ್ದೇ? ಈ ಅಳತೆಯನ್ನು ಎಲ್ಲದಕ್ಕೂ ಒಂದೇ ತೂಕದ ಕಾರ್ಬೋಹೈಡ್ರೇಟ್ ಹಿಡಿದು ತೆಗೆಯುತ್ತಾರೆ ಎಂಬುದನ್ನು ಆ ಪಟ್ಟಿಗಳು ಹೇಳುವುದಿಲ್ಲ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರು, 100 ಗ್ರಾಮಿನಲ್ಲಿ ಕಾರ್ಬೋಹೈಡ್ರೇಟ್ ಬರೀ ಏಳೆಂಟು ಗ್ರಾಂ. ಒಂದು ಪ್ಲೇಟ್ ತಿಂದರೆ ಹೊರೆ ಕಡಿಮೆಯೇ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ ಬದಿ ಅರ್ಧ ಹಣ್ಣು ಕೊಯ್ಸಿಕೊಂಡು ಒಬ್ಬರೇ ಮುಗಿಸುತ್ತಾರಲ್ಲ, ಆಗ ಲೆಕ್ಕ ತಪ್ಪುತ್ತದೆ.

ನಮ್ಮ ಹಂಗಾಮು, ನಮ್ಮ ಹಣ್ಣು

ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವವರು ಸೇಬು ಒಯ್ಯುತ್ತಾರೆ. ದೂರದಿಂದ ಬಂದದ್ದು, ಮೈಗೆ ಮೇಣ ಹಚ್ಚಿಸಿಕೊಂಡದ್ದು, ದುಬಾರಿ, ಆದ್ದರಿಂದ ಒಳ್ಳೆಯದು ಎಂಬ ಭಾವನೆ. ಪೇರಲದ ಮುಂದೆ ಸೇಬಿನ ಗತ್ತು ನನಗಂತೂ ಅರ್ಥವಾಗಿಲ್ಲ. ಸೇಬಿಗಿಂತ ಪೇರಲದಲ್ಲಿ ನಾರು ಎರಡು ಪಟ್ಟು. 100 ಗ್ರಾಂ ಪೇರಲದಲ್ಲಿ ಸಿ ಜೀವಸತ್ವ 200 ಮಿಲಿಗ್ರಾಂ ಮೀರಿದರೆ ಸೇಬಿನಲ್ಲಿ ಐದಾರು ಮಿಲಿಗ್ರಾಂ ಅಷ್ಟೆ. ಮಳೆಗಾಲ ಮುಗಿಯುವಾಗಲೂ ಚಳಿಗಾಲದಲ್ಲೂ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಪೂರ್ತಿ ಮಾಗಿ ಘಮಘಮಿಸುವುದಕ್ಕಿಂತ ಕಚ್ಚಿದರೆ ಕಟುಂ ಎನ್ನುವ ದೋರೆ ಹಣ್ಣೇ ಶುಗರ್ ಇದ್ದವರಿಗೆ ಲೇಸು. ಗಾಡಿಯವರು ಸೀಳಿ ಉಪ್ಪು ಖಾರ ತುಂಬಿ ಕೊಡುತ್ತಾರೆ. ಬ್ಯಾಡಗಿ ಖಾರಕ್ಕೆ ಅಡ್ಡಿಯಿಲ್ಲ, ಬಿಪಿ ಇದ್ದವರು ಉಪ್ಪು ಬೇಡವೆನ್ನಿ.

ಚಳಿಗಾಲದ ಇನ್ನೊಂದು ಹಣ್ಣು ಬಾರಿಹಣ್ಣು. ಹೊಲದ ಬದುವಿನ ಜವಾರಿ ಬಾರಿಹಣ್ಣು ಒಂದು ಮುಷ್ಟಿ ತಿಂದರೂ ಅದರಲ್ಲಿ ಬೀಜವೇ ಹೆಚ್ಚು, ತಿರುಳು ಕಡಿಮೆ. ನೆಲ್ಲಿಕಾಯಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಕಿಲ್ಲ, ಆದರೆ ಸಕ್ಕರೆ ಪಾಕದಲ್ಲಿ ಅದ್ದಿದ ಮುರಬ್ಬ ಬೇರೆ ಮಾತು.

ಬೇಸಿಗೆಯಲ್ಲಿ ಹಾನಗಲ್ ಸೀಮೆಯ ಆಪೂಸು ಬಂದಾಗ ಸಂಕಟ ಶುರು. ಮಾವನ್ನು ಪೂರ್ತಿ ಬಿಡಿ ಎಂದು ಈ ನಾಡಿನವರಿಗೆ ಹೇಳಿ ಪ್ರಯೋಜನವಿಲ್ಲ, ಹೇಳುವ ಅಗತ್ಯವೂ ಇಲ್ಲ. 200 ಗ್ರಾಮಿನ ಹಣ್ಣಿನಲ್ಲಿ ಸಿಪ್ಪೆ ಗೊಪ್ಪ ಕಳೆದು ತಿರುಳು ಸುಮಾರು 130 ಗ್ರಾಂ, ಕಾರ್ಬೋಹೈಡ್ರೇಟ್ ಸುಮಾರು 20 ಗ್ರಾಂ. ಮುಕ್ಕಾಲು ಹಣ್ಣು ತಿಂದರೆ ಒಂದು ಪಾಲು. ಕೆಡಿಸುವುದು ಸೀಕರಣೆ. ಕಾರಹುಣ್ಣಿಮೆಯ ಮನೆಯೊಂದರ ತಾಟು ನೋಡಿ: ಆಳಿಗೆ ಎರಡು ಹಣ್ಣಿನ ರಸ, ಅದಕ್ಕೆ ಬೆಲ್ಲವೋ ಸಕ್ಕರೆಯೋ, ಹಾಲು, ಏಲಕ್ಕಿ ಪುಡಿ, ಅದನ್ನು ನೆಂಚಿಕೊಳ್ಳಲು ಎರಡು ಹೋಳಿಗೆ, ಕೊನೆಗೆ ಅನ್ನ. ಒಂದೇ ಕೂರಿಕೆಯಲ್ಲಿ 150 ಗ್ರಾಂ ಮೀರಿ ಹೋಯಿತು. ಮರುದಿನ ಬೈಸಿಕೊಳ್ಳುವುದು ಮಾತ್ರ ಮಾವು. ಸೀಕರಣೆಯ ಆಸೆ ತಡೆಯದಿದ್ದರೆ ಸಿಹಿ ಸೇರಿಸದೆ ಅರ್ಧ ಬಟ್ಟಲು, ಒಂದೇ ಚಪಾತಿ, ಆ ಹೊತ್ತಿಗೆ ಅನ್ನ ಹೋಳಿಗೆ ಎರಡೂ ಇಲ್ಲ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ರಕ್ತದ ಲೆಕ್ಕದಲ್ಲಿ ಬೆಲ್ಲ, ಸಕ್ಕರೆ, ಜೇನು ಮೂರೂ ಒಂದೇ ಮನೆಯವು.

ಮಳೆ ಹಿಡಿಯುತ್ತಿದ್ದಂತೆ ನೇರಳೆ. 100 ಗ್ರಾಂ ತಿರುಳು ಒಂದು ಪಾಲು, ಒಳ್ಳೆಯ ಹಣ್ಣು, ಮನಸಾರೆ ತಿನ್ನಿ. ಬೀಜ ಒಣಗಿಸಿ ಪುಡಿ ಮಾಡಿ ನುಂಗುವವರ ಸಂಗತಿ ಬೇರೆ. ಹಳೆಯ ವೈದ್ಯ ಪದ್ಧತಿಗಳಲ್ಲಿ ಅದಕ್ಕೆ ಹೆಸರಿದೆ, ಇಲಿಗಳ ಮೇಲಿನ ಪ್ರಯೋಗಗಳೂ ಬೇಕಾದಷ್ಟಿವೆ. ಮನುಷ್ಯರಲ್ಲಿ ಮಾತ್ರೆಯ ಜಾಗ ತುಂಬುವಷ್ಟು ಗಟ್ಟಿ ಪುರಾವೆ ಇಲ್ಲ. ಪುಡಿ ತಿನ್ನುತ್ತೇನೆ ಎಂದು ಮೆಟ್ಫಾರ್ಮಿನ್ ನಿಲ್ಲಿಸಿದರೆ ಸಕ್ಕರೆ ಒಳಗೊಳಗೇ ಏರಿ ಕಾಲಿನ ಗಾಯವೋ ಕಣ್ಣಿನ ಮಂಜೋ ಆಗಿ ಹೊರಬರುತ್ತದೆ. ಇನ್ನೊಂದೆಡೆ, ಮಾತ್ರೆ ಮತ್ತು ಪುಡಿ ಎರಡನ್ನೂ ವೈದ್ಯರಿಗೆ ಹೇಳದೆ ಸೇವಿಸಿ ಸಕ್ಕರೆ ತೀರ ಇಳಿಸಿಕೊಳ್ಳುವುದೂ ಬೇಡ.

ಸೀತಾಫಲ ಮತ್ತು ಚಿಕ್ಕು, ಇವೆರಡರ ಬಗ್ಗೆ ಹಿರಿಯರ ಭಯ ಪೂರ್ತಿ ಸುಳ್ಳಲ್ಲ. 100 ಗ್ರಾಮಿಗೆ 20 ಗ್ರಾಂ ಮುಟ್ಟುವ ಅಥವಾ ದಾಟುವ ಹಣ್ಣುಗಳಿವು. ಸೀತಾಫಲದ ತೊಂದರೆ ಇನ್ನೊಂದು: ಬೀಜ ಉಗುಳುತ್ತ ಮಾತಾಡುತ್ತ ಕೂತರೆ ಎಷ್ಟು ಹೋಯಿತೆಂದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಜೊತೆಗಿದ್ದರೆ ಒಂದು ಹಣ್ಣು ಇಬ್ಬರು ಹಂಚಿಕೊಳ್ಳಿ.

ಇನ್ನು ಉತ್ತತ್ತಿ. ಉಡಿ ತುಂಬುವಲ್ಲಿ ಉತ್ತತ್ತಿ, ತೇರಿಗೆ ಎಸೆಯುವುದು ಬಾಳೆಹಣ್ಣು ಉತ್ತತ್ತಿ, ಪ್ರಸಾದವೆಂದು ಕೈಗೆ ಬರುವುದೂ ಅದೇ. ನೀರು ಆರಿದ ಹಣ್ಣಾದ್ದರಿಂದ ಮುಕ್ಕಾಲು ಪಾಲು ಸಕ್ಕರೆ. ಎರಡು ಉತ್ತತ್ತಿ ಅಥವಾ ಎರಡು ಖರ್ಜೂರ ಬಾಯಿಗೆ ಹೋದರೆ ಅಂದಿನ ಹಣ್ಣಿನ ಪಾಲು ಮುಗಿಯಿತು. ಪ್ರಸಾದ ಬೇಡ ಎನ್ನಬೇಕಿಲ್ಲ, ಒಂದು ಚೂರು ಬಾಯಲ್ಲಿಟ್ಟುಕೊಂಡು ಉಳಿದದ್ದು ಮೊಮ್ಮಕ್ಕಳಿಗೆ ಕೊಡಿ. ಒಣದ್ರಾಕ್ಷಿ, ಒಣ ಅಂಜೂರಕ್ಕೂ ಇದೇ ಮಾತು.

ಕುಡಿಯಬೇಡಿ, ಅಗಿಯಿರಿ

ಹಣ್ಣಿನ ಸಕ್ಕರೆ ನಾರಿನ ಗೂಡಿನೊಳಗೆ ಇರುತ್ತದೆ. ಹಲ್ಲಿನಿಂದ ಅಗಿದು ನುಂಗಿದಾಗ ಹೊಟ್ಟೆ ಅದನ್ನು ನಿಧಾನಕ್ಕೆ ಬಿಡಿಸುತ್ತದೆ. ಮಿಕ್ಸರಿಗೆ ಹಾಕಿ ಸೋಸಿದರೆ ಆ ಗೂಡು ಜರಡಿಯಲ್ಲಿ ಉಳಿದು ಸಕ್ಕರೆ ನೀರು ಗ್ಲಾಸಿಗೆ ಬರುತ್ತದೆ. ಒಂದು ಗ್ಲಾಸ್ ಮೋಸಂಬಿ ಜ್ಯೂಸಿಗೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟು ಹಣ್ಣನ್ನು ಸುಲಿದು ತಿನ್ನಲು ಕಾಲು ಗಂಟೆ ಹಿಡಿಯುತ್ತದೆ, ಕುಡಿಯಲು ಅರ್ಧ ನಿಮಿಷ. ಅಂಗಡಿಯವರು ಹಾಕುವ ಸಕ್ಕರೆ ಬೇರೆ. ಅಮೆರಿಕದ ದಾದಿಯರು ಮತ್ತು ವೈದ್ಯ ವೃತ್ತಿಯವರನ್ನು ಬಹುಕಾಲ ಗಮನಿಸಿ ಹಾರ್ವರ್ಡಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಡೀ ಹಣ್ಣು ತಿನ್ನುವವರಿಗೆ ಮಧುಮೇಹದ ಅಪಾಯ ಇಳಿದಿತ್ತು, ಹಣ್ಣಿನ ರಸ ಕುಡಿಯುವವರಿಗೆ ಏರಿತ್ತು. ಕಬ್ಬಿನ ಹಾಲನ್ನು ಹಣ್ಣಿನ ಲೆಕ್ಕದಲ್ಲಿ ಸೇರಿಸಿ "ಮನಿ ಬೆಳೀದ್ರೀ, ಕೆಮಿಕಲ್ ಇಲ್ಲ" ಎಂದು ಕುಡಿಯುವವರು ಅದರಲ್ಲಿ ಇರುವುದೇ ಸಕ್ಕರೆ ಎಂಬುದನ್ನು ಮರೆಯುತ್ತಾರೆ. ಇಡೀ ಸಕ್ಕರೆ ಕಾರ್ಖಾನೆ ನಿಂತಿರುವುದು ಅದರ ಮೇಲೆ.

ಹೊತ್ತು ಯಾವುದು? ಊಟ ಮುಗಿಸಿ ಬಾಯಿ ಸಿಹಿಗೆಂದು ತಿನ್ನುವುದು ನಮ್ಮ ರೂಢಿ, ಶುಗರ್ ಇದ್ದವರಿಗೆ ಅದೇ ಕೆಟ್ಟ ಹೊತ್ತು. ಬೆಳಗಿನ ನಾಷ್ಟಾಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ, ಇಲ್ಲವೇ ಸಂಜೆ ನಾಲ್ಕರ ಹೊತ್ತಿಗೆ, ಚಹಾ ಜೊತೆ ಬಿಸ್ಕಿಟ್ಟು ಚುರುಮುರಿ ತಿನ್ನುವ ಜಾಗದಲ್ಲಿ ಹಣ್ಣು ಬರಲಿ. ಅದರ ಜೊತೆ ಒಂದು ಸಣ್ಣ ಮುಷ್ಟಿ ಹುರಿದ ಶೇಂಗಾ ತಿಂದರೆ ಇನ್ನೂ ವಾಸಿ. ಎಣ್ಣೆ ಮತ್ತು ಪ್ರೋಟೀನ್ ಸೇರಿದಾಗ ಸಕ್ಕರೆ ರಕ್ತಕ್ಕೆ ಇಳಿಯುವ ವೇಗ ತಗ್ಗುತ್ತದೆ. ಹೊತ್ತಿನಂತೆ ಮೈ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸುಗ್ಗಿಯ ಸೋಮವಾರ ಗುರುವಾರ ಬಂದು ನೋಡಿದರೆ ಒಂದೇ ಪ್ರಾಂಗಣದಲ್ಲಿ ಎರಡು ಥರದ ದೇಹಗಳಿರುತ್ತವೆ. ಬೆಳಗಿನಿಂದ ಚೀಲ ಹೊರುವ ಹಮಾಲರು ಒಂದು ಕಡೆ, ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಲೆಕ್ಕ ಬರೆಯುತ್ತ ಬಂದವರಿಗೆಲ್ಲ ಚಹಾ ತರಿಸುತ್ತ ತಾವೂ ಕುಡಿಯುವವರು ಇನ್ನೊಂದು ಕಡೆ. ಚೀಲ ಹೊರುವ ಸ್ನಾಯುಗಳು ಎರಡು ಬಾಳೆಹಣ್ಣಿನ ಸಕ್ಕರೆಯನ್ನು ಮಧ್ಯಾಹ್ನದೊಳಗೆ ಸುಟ್ಟು ಮುಗಿಸುತ್ತವೆ. ಗಾದಿಯ ಮೇಲೆ ಕೂತವರಿಗೆ ಅದೇ ಎರಡು ಬಾಳೆಹಣ್ಣು ಹೆಚ್ಚಾಯಿತು. ಪಕ್ಕದ ಅಂಗಡಿಯವರಿಗೆ ಡಾಕ್ಟರು ಹೇಳಿದ ಪಥ್ಯ ನಿಮ್ಮದಾಗದೇ ಇರುವುದಕ್ಕೆ ಇದೊಂದು ಕಾರಣ.

ಮಷಿನ್ ಏನು ಹೇಳುತ್ತದೆ

ನಿಮಗೆ ಯಾವ ಹಣ್ಣು ಒಗ್ಗುತ್ತದೆ ಎಂಬುದನ್ನು ಗ್ಲುಕೋಮೀಟರ್ ಹೇಳಿದಷ್ಟು ಚೆನ್ನಾಗಿ ಯಾವ ಲೇಖನವೂ ಹೇಳಲಾರದು. ಸಂಜೆ ನಾಲ್ಕಕ್ಕೆ ಒಮ್ಮೆ ನೋಡಿ ಬರೆದಿಡಿ. ತೂಗಿದ ಒಂದು ಪಾಲು ಹಣ್ಣು ತಿನ್ನಿ, ಬೇರೇನೂ ಬೇಡ. ಒಂದು ತಾಸಿಗೆ ಒಮ್ಮೆ, ಎರಡು ತಾಸಿಗೆ ಇನ್ನೊಮ್ಮೆ ನೋಡಿ. ಏರಿಕೆ 50ರ ಒಳಗಿದ್ದು ಎರಡು ತಾಸಿಗೆ ಅಂಕಿ 180ರ ಕೆಳಗೆ ಇದ್ದರೆ ಆ ಹಣ್ಣು, ಆ ಅಳತೆ ನಿಮಗೆ ಸರಿ. ಮೀರಿದರೆ ಮುಂದಿನ ಸಲ ಅರ್ಧ ಪಾಲು ತಿಂದು ನೋಡಿ. ಎರಡೆರಡು ಸಲ ನೋಡಿದ ಮೇಲೆ ತೀರ್ಮಾನಿಸಿ, ಒಂದು ದಿನದ ಅಂಕಿಗೆ ನಿದ್ದೆ, ಚಿಂತೆ, ನೆಗಡಿಯ ಪಾಲೂ ಸೇರಿರುತ್ತದೆ. ಸಕ್ಕರೆ ಮೊದಲೇ 250, 300 ಇರುವವರು ಈ ಪರೀಕ್ಷೆಗೆ ಕೈ ಹಾಕದೆ ಮೊದಲು ವೈದ್ಯರಲ್ಲಿ ಹೋಗಿ ಔಷಧ ಸರಿಪಡಿಸಿಕೊಳ್ಳಿ.

ಇಲ್ಲೊಂದು ಸೂಕ್ಷ್ಮವಿದೆ. ಮಾವು ಸುಲಿದ, ದ್ರಾಕ್ಷಿ ಬಿಡಿಸಿದ ಬೆರಳನ್ನೇ ಚುಚ್ಚಿದರೆ ಚರ್ಮಕ್ಕೆ ಅಂಟಿದ ರಸ ರಕ್ತದ ಹನಿಯಲ್ಲಿ ಬೆರೆತು ಅಂಕಿ ಸುಳ್ಳೇ ಏರುತ್ತದೆ. 2011ರಲ್ಲಿ ಜಪಾನಿನವರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿಸಿ ಇದನ್ನು ಪರೀಕ್ಷಿಸಿದರು. ಸ್ಪಿರಿಟ್ ಹತ್ತಿಯಿಂದ ಹಲವು ಸಲ ಒರೆಸಿದರೂ ತಪ್ಪು ಅಂಕಿ ಹೋಗಲಿಲ್ಲ, ನಲ್ಲಿ ನೀರಿನಲ್ಲಿ ಕೈ ತೊಳೆದರೆ ಸರಿಯಾಯಿತು. ಹಣ್ಣಿನ ಗಾಡಿ ನಡೆಸುವವರು, ಅಡುಗೆ ಮಾಡುವವರು ಇದನ್ನು ನೆನಪಿಡಬೇಕು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಂತೂ ಉರಿ ತಪ್ಪಿಸಿಕೊಳ್ಳಲಿಕ್ಕಾದರೂ ಸೋಪು ಹಚ್ಚಿ ತೊಳೆದು, ಒರೆಸಿ, ಆಮೇಲೆ ಬೆರಳ ಬದಿಯಲ್ಲಿ ಚುಚ್ಚಬೇಕು.

ಹಣ್ಣೇ ತೊಂದರೆ ಕೊಡುವ ಹೊತ್ತು

ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ಉಪವಾಸವಿದ್ದು ಹಣ್ಣು ಮಾತ್ರ ತಿನ್ನುವವರು ಎರಡು ಕಡೆಯಿಂದ ಪೆಟ್ಟು ತಿನ್ನುತ್ತಾರೆ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊಟ್ಟೆ ಖಾಲಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಕುಸಿಯುತ್ತದೆ. ರಾತ್ರಿ ಪೂಜೆಯ ನಂತರ ಕಲ್ಲಂಗಡಿ, ದ್ರಾಕ್ಷಿ, ಖರ್ಜೂರ, ಸಾಬೂದಾಣಿ ಎಲ್ಲ ಒಟ್ಟಿಗೆ ಬಿದ್ದು ಹಾರುತ್ತದೆ. ವ್ರತ ಮಾಡುವುದೇ ಆದರೆ ವಾರ ಮುಂಚೆ ವೈದ್ಯರಲ್ಲಿ ಮಾತ್ರೆಯ ಹೊತ್ತು, ಪ್ರಮಾಣ ಕೇಳಿಕೊಳ್ಳಿ. ಹಣ್ಣನ್ನು ಇಡೀ ದಿನಕ್ಕೆ ಹಂಚಿ, ನಡುನಡುವೆ ಮಜ್ಜಿಗೆ, ಶೇಂಗಾ ಇರಲಿ.

ಕೈ ನಡುಗಿ, ಬೆವರಿ, ಕಣ್ಣು ಕತ್ತಲೆಗಟ್ಟಿ ಸಕ್ಕರೆ 70ರ ಕೆಳಗಿಳಿದಾಗ ಪೇರಲ ಕಡಿಯುತ್ತ ಕೂರಬೇಡಿ. ಆಗ ಬೇಕಾದದ್ದು ಬೇಗ ಕರಗುವ 15 ಗ್ರಾಂ ಸಕ್ಕರೆ: ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಹಣ್ಣಿನ ಜ್ಯೂಸು ಔಷಧವಾಗುವುದು ಈ ಹೊತ್ತಿನಲ್ಲಿ ಮಾತ್ರ. ನಿಮ್ಮ ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರಿದ್ದರೆ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅಂಥವರು ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯನ್ನೇ ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಿಗೆ ಈ ಲೇಖನದ ಅಳತೆಗಳು ನಡೆಯುವುದಿಲ್ಲ. ಅವರಿಗೆ ಸಕ್ಕರೆಗಿಂತ ಪೊಟ್ಯಾಸಿಯಂ ದೊಡ್ಡ ಲೆಕ್ಕ. ಬಾಳೆ, ಎಳನೀರು, ಖರ್ಜೂರ ಅಪಾಯ ತರಬಹುದು. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣಿನಲ್ಲಿ ಆರೋಗ್ಯವಂತರ ಮೂತ್ರಪಿಂಡ ಸುಲಭವಾಗಿ ಹೊರಹಾಕುವ ನರವಿಷವೊಂದಿದೆ. ಮೂತ್ರಪಿಂಡ ಸೋತವರಿಗೆ ಅದು ಬಿಕ್ಕಳಿಕೆಯಿಂದ ಶುರುವಾಗಿ ಪ್ರಾಣಕ್ಕೇ ಬರುತ್ತದೆ. ಅವರು ಅದನ್ನು ಮುಟ್ಟಲೇಬಾರದು. ಬಸುರಿನಲ್ಲಿ ಶುಗರ್ ಬಂದವರು ಕೂಡ ತಮ್ಮ ವೈದ್ಯರು ಹೇಳಿದ ಅಳತೆಯನ್ನೇ ಹಿಡಿಯಲಿ. ಮನೆಯ ಅತ್ತೆಯರು ಬಾಳೆಹಣ್ಣು, ಉತ್ತತ್ತಿ ಬಲವಂತ ಮಾಡುವುದು ಬೇಡ.

ಹಣ್ಣಿನ ಮಾತು ಇಷ್ಟಾಯಿತು, ಆದರೆ ಪೋಷಣಾ ಸಂಸ್ಥೆಯ ಮಾರ್ಗಸೂಚಿ 100 ಗ್ರಾಂ ಹಣ್ಣಿನ ಜೊತೆ 400 ಗ್ರಾಂ ತರಕಾರಿಯೂ ಬೇಕೆಂದಿದೆ. ಅದಕ್ಕೆ ನಮ್ಮ ರೊಟ್ಟಿ ಊಟದಲ್ಲೇ ದಾರಿಯಿದೆ. ಹಕ್ಕರಕಿ, ಮೆಂತ್ಯ ಸೊಪ್ಪು, ಸೌತಿಕಾಯಿ, ಉಳ್ಳಾಗಡ್ಡಿ ಹಸಿಯಾಗಿ ಮೊದಲು ತಿಂದು, ಪುಂಡಿಪಲ್ಯ, ಹೆಸರುಕಾಳು ಹೆಚ್ಚು ಹಾಕಿಕೊಂಡರೆ ಮೂರನೆಯ ರೊಟ್ಟಿ ತಾನಾಗಿ ಬೇಡವಾಗುತ್ತದೆ. ಆ ಮೂರನೆಯ ರೊಟ್ಟಿಯ 35 ಗ್ರಾಂ ಉಳಿತಾಯದಲ್ಲಿ ಎರಡು ಪಾಲು ಹಣ್ಣು ಬರುತ್ತದೆ.

ಮೂವತ್ತು ದಾಟಿದ ಯಾರೇ ಆದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ಬಿಪಿಯನ್ನು ಪುಕ್ಕಟೆ ತೋರಿಸಿಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲೂ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ಇದಕ್ಕೆಂದೇ ಎನ್‌ಸಿಡಿ ಕ್ಲಿನಿಕ್ ಇದೆ, ಸಾಮಾನ್ಯ ಮಾತ್ರೆಗಳು ಅಲ್ಲೇ ಸಿಗುತ್ತವೆ. ಮುಂದಿನ ಸಲ ಹೋಗುವಾಗ ಒಂದು ವಾರ ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹಣ್ಣಿನ ಜೊತೆ ಮಂಡಕ್ಕಿ, ಮಿರ್ಚಿ, ಚಹಾಗಳನ್ನೂ ಬಿಡದೆ ಬರೆಯಿರಿ. "ಯಾವ ಹಣ್ಣು ಬಿಡ್ಲಿ?" ಎಂದು ಕೇಳುವ ಬದಲು ಆ ಹಾಳೆಯನ್ನು ಡಾಕ್ಟರ ಮುಂದಿಟ್ಟು "ಇದರಾಗ ಯಾವುದು ತಗೀಲಿ?" ಎಂದು ಕೇಳಿ.